ಹಿಟ್ಲರನ ಬಾಯಿ, ನಮ್ಮ ನಗೆ

1945ರ ಏಪ್ರಿಲ್ 30ರಂದು ಬರ್ಲಿನ್ನಿನ ನೆಲಮಾಳಿಗೆಯಲ್ಲಿ ಗುಂಡು ಹೊಡೆದುಕೊಂಡು ಸತ್ತ ಹಿಟ್ಲರನನ್ನು ಜರ್ಮನ್ ಲೇಖಕ ಟಿಮೂರ್ ವೆರ್ಮೆಸ್ 2012ರ ತಮ್ಮ ಕಾದಂಬರಿಯಲ್ಲಿ ಎಬ್ಬಿಸಿ ಕೂರಿಸಿದ್ದಾರೆ. 'ಅವನು ಮತ್ತೆ ಬಂದಿದ್ದಾನೆ' ಎಂಬುದು ಅದರ ಹೆಸರಿನ ಅರ್ಥ. 2014ರಲ್ಲಿ ಇಂಗ್ಲಿಷಿಗೂ ಬಂತು. ಜರ್ಮನಿಯಲ್ಲಿ ಲಕ್ಷಗಟ್ಟಲೆ ಪ್ರತಿಗಳು ಖರ್ಚಾದವು. ಬೆಲೆ ಆಗ 19.33 ಯೂರೋ ಇತ್ತು. 1933 ಹಿಟ್ಲರ್ ಗದ್ದುಗೆ ಏರಿದ ಇಸವಿ. ಪ್ರಕಾಶಕರಿಗೆ ಅದೂ ಒಂದು ತಮಾಷೆ!

ಕಥೆ ಸರಳ. 2011ರ ಬೇಸಿಗೆಯಲ್ಲಿ ಒಂದು ಖಾಲಿ ನಿವೇಶನದಲ್ಲಿ ಹಿಟ್ಲರ್ ಕಣ್ಣು ಬಿಡುತ್ತಾನೆ. ಸಮವಸ್ತ್ರ ಪೆಟ್ರೋಲ್ ನಾರುತ್ತಿದೆ. ಪೇಪರ್ ಅಂಗಡಿಯವನೊಬ್ಬ, ಇವನಾರೋ ವೇಷ ಕಳಚದ ನಟ ಅಂದುಕೊಂಡು ಜಾಗ ಕೊಡುತ್ತಾನೆ. ಟಿವಿಯವರು ಎತ್ತಿಕೊಂಡು ಹೋಗುತ್ತಾರೆ. ಅವನು ನಾನೇ ಹಿಟ್ಲರ್ ಅಂತಲೇ ಹೇಳುತ್ತಾನೆ, ಜನ ಬಿದ್ದು ಬಿದ್ದು ನಗುತ್ತಾರೆ. ಟಿವಿ ಕಂಪನಿಯ ಯಜಮಾನತಿ, ಯಹೂದಿಗಳ ವಿಷಯ ಮಾತ್ರ ತಮಾಷೆಯಲ್ಲ ಅಂತ ಎಚ್ಚರಿಸಿದಾಗ ಅವನೂ ಪೂರ್ತಿ ಒಪ್ಪುತ್ತಾನೆ. ಮಾತು ಒಂದೇ, ಆಕೆಯ ಮನಸ್ಸಿನಲ್ಲಿರೋದು ಬೇರೆ, ಅವನ ಮನಸ್ಸಿನಲ್ಲಿರೋದು ಬೇರೆ. ಇಡೀ ಪುಸ್ತಕದಲ್ಲಿ ನಮ್ಮ ಬೆನ್ನಹುರಿ ತಣ್ಣಗಾದದ್ದು ಇಲ್ಲೇ. ಕೊಂಡು ಮಾರುವ ವ್ಯವಸ್ಥೆಗೆ ಕೊಲೆಗಡುಕನೂ ಒಂದು ಸರಕು ಎಂಬುದನ್ನು ವೆರ್ಮೆಸ್ ಚೆನ್ನಾಗಿ ಕಂಡಿದ್ದಾರೆ. ಅಲ್ಲಿಯವರೆಗೆ ನಮ್ಮದೇನೂ ತಕರಾರಿಲ್ಲ.

ತಕರಾರು ಬೇರೆ ಕಡೆ ಇದೆ. ಕಾದಂಬರಿಯುದ್ದಕ್ಕೂ 'ನಾನು' ಎನ್ನುವವನು ಹಿಟ್ಲರನೇ. ಅವನ ಕಣ್ಣಲ್ಲೇ ನೋಡಬೇಕು, ಅವನ ಬಾಯಲ್ಲೇ ಕೇಳಬೇಕು. ಅವನ ಕಾರ್ಯದರ್ಶಿ ಹುಡುಗಿ ಒಂದು ದಿನ ಅಳುತ್ತಾ ಬರುತ್ತಾಳೆ. ಅವಳ ಅಜ್ಜಿಯ ಮನೆಯವರನ್ನು ವಿಷಾನಿಲಕ್ಕೆ ನೂಕಿ ಕೊಂದಿದ್ದರು. ಆಗ ಅವನ ಸಮಜಾಯಿಷಿ ಏನು? ನನ್ನನ್ನು ಆರಿಸಿದ್ದು ಜನ ತಾನೇ, ಅನ್ನುವುದು. ಹುಡುಗಿಯ ಬಾಯಲ್ಲಿ ಇದಕ್ಕೆ ಉತ್ತರವಿಲ್ಲ.

ಉತ್ತರ ಚರಿತ್ರೆಯಲ್ಲಿದೆ. 1932ರ ಜುಲೈ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಸಿಕ್ಕಿದ್ದು ಶೇಕಡಾ 37ರಷ್ಟು ಓಟು. ನವೆಂಬರಿನಲ್ಲಿ ಅದೂ 33ಕ್ಕೆ ಇಳಿಯಿತು. 1933ರ ಜನವರಿ 30ರಂದು ಅವನನ್ನು ಕುರ್ಚಿಗೆ ಕೂರಿಸಿದ್ದು ಅಧ್ಯಕ್ಷ ಹಿಂಡೆನ್‌ಬರ್ಗ್. ಮೂಗುದಾರ ನಮ್ಮ ಕೈಲಿರುತ್ತೆ ಅಂದುಕೊಂಡ ಪಾಪೆನ್‌ನಂಥ ದೊಡ್ಡವರ ಮಾತು ಕೇಳಿ. ಮಾರ್ಚಿನಲ್ಲಿ ಕಮ್ಯುನಿಸ್ಟರನ್ನು ಜೈಲಿಗೆ ತಳ್ಳಿ, ಬೀದಿಗೆ ಗೂಂಡಾಪಡೆ ಇಳಿಸಿ ನಡೆಸಿದ ಚುನಾವಣೆಯಲ್ಲೂ ಬಂದದ್ದು 43.9. ಓಟು ಹಾಕಿದವರ ಪಾಪ ಮುಚ್ಚಿಡಿ ಅಂತ ನಾವು ಹೇಳ್ತಿಲ್ಲ. ಹಾಕದವರೂ ಇದ್ದರಲ್ರೀ! ಡಖಾವ್ ಶಿಬಿರಕ್ಕೆ ಅದೇ ಮಾರ್ಚಿನಲ್ಲಿ ಮೊದಲು ಹೋದವರು ಅವರು. ಮೇ 2ರಂದು ಕಾರ್ಮಿಕ ಸಂಘಗಳ ಕಚೇರಿಗಳ ಮೇಲೆ ಬಿದ್ದು ಮುಖಂಡರನ್ನು ಎಳೆದೊಯ್ದರು. ಅವರಿಗೆ ಈ ಕಾದಂಬರಿಯಲ್ಲಿ ಧ್ವನಿಯಿಲ್ಲ. 1935ರ ಕಾನೂನು, ಯಹೂದಿಗೂ ಜರ್ಮನ್ ರಕ್ತದವರಿಗೂ ಮದುವೆ ಕೂಡದು, ರಕ್ತ ಕೆಡುತ್ತೆ ಅಂದಿತು. ಇದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಚಾಪ್ಲಿನ್ ನೆನಪಾಗುತ್ತಾನೆ. 1940ರ 'ದಿ ಗ್ರೇಟ್ ಡಿಕ್ಟೇಟರ್'ನಲ್ಲಿ ಅವನು ಸರ್ವಾಧಿಕಾರಿಯ ಎದುರಿಗೆ ಒಬ್ಬ ಬಡ ಯಹೂದಿ ಕ್ಷೌರಿಕನನ್ನು ನಿಲ್ಲಿಸಿದ. ಎರಡೂ ಪಾತ್ರ ತಾನೇ ಮಾಡಿದ. ಕೊನೆಯ ಭಾಷಣ ಮಾಡುವವನು ಕ್ಷೌರಿಕ. ಕತ್ತಿ ಮಸೆದು ಗಡ್ಡ ಹೆರೆಯುವವನ ಕೈಗೆ ಮೈಕು ಕೊಟ್ಟ ಚಾಪ್ಲಿನ್ ನಮಗೆ ಹತ್ತಿರದವನು.

ಇದೆಲ್ಲ ಜರ್ಮನಿಯ ರಗಳೆ, ನಮಗ್ಯಾಕೆ ಅನ್ನಬೇಡಿ. 2021ರಲ್ಲಿ ಕನ್ನಡ ಟಿವಿಯಲ್ಲಿ ಶುರುವಾದ ಧಾರಾವಾಹಿಯೊಂದರ ಹೆಸರು 'ಹಿಟ್ಲರ್ ಕಲ್ಯಾಣ'. ಶಿಸ್ತಿನ ಗಂಡಸು ಅನ್ನೋದಕ್ಕೆ ನಮ್ಮಲ್ಲಿ ಈ ಹೆಸರು ಸಲೀಸಾಗಿ ಒದಗುತ್ತದೆ. ಚಹಾ ಅಂಗಡಿಯಲ್ಲಿ 'ಈ ದೇಶಕ್ಕೊಬ್ಬ ಹಿಟ್ಲರ್ ಬರ್ಬೇಕು ಕಣ್ರೀ' ಎನ್ನುವ ಮೇಷ್ಟರನ್ನೂ ನಾವು ಕಂಡಿದ್ದೇವೆ. ಇಂಗ್ಲಿಷ್ ಬಲ್ಲ ಮೇಷ್ಟರು ಈ ಕಾದಂಬರಿ ಓದಲಿ, ಎಲ್ಲೆಲ್ಲಿ ನಕ್ಕೆವು ಅಂತ ಗುರುತು ಹಾಕಿಕೊಳ್ಳಲಿ.

2015ರಲ್ಲಿ ಇದೇ ಕಾದಂಬರಿ ಸಿನಿಮಾ ಆಯಿತು. ಹಿಟ್ಲರ್ ವೇಷದ ನಟನನ್ನು ನಿಜವಾದ ಬೀದಿಗಳಲ್ಲಿ ಸುತ್ತಾಡಿಸಿದರು. ಜನ ಪಕ್ಕದಲ್ಲಿ ನಿಂತು ಫೋಟೋ ಹೊಡೆಸಿಕೊಂಡರು, ಹೊರಗಿನಿಂದ ಬಂದವರ ಮೇಲಿನ ಸಿಟ್ಟನ್ನು ಅವನ ಮುಂದೆ ತೋಡಿಕೊಂಡರು. ಅವರಾರೂ ನಟರಲ್ಲ. ಆ ಕಾರ್ಯದರ್ಶಿ ಹುಡುಗಿಯ ಅಜ್ಜಿ ಸಿನಿಮಾದಲ್ಲಿ ಕಾಣಿಸಿಕೊಳ್ಳುತ್ತಾಳೆ. ಆಕೆಗೆ ಮರೆವಿನ ಕಾಯಿಲೆ. ಅವನು ಒಳಗೆ ಬಂದಕೂಡಲೇ ಗುರುತು ಹಿಡಿದು, ಅಂದೂ ಜನ ಮೊದಮೊದಲು ನಕ್ಕಿದ್ದರು ಅಂತ ನೆನಪಿಸಿ, ಮನೆಯಿಂದಾಚೆ ಅಟ್ಟುತ್ತಾಳೆ.