ಫ್ಯಾನಿನ ಸದ್ದಿಗೆ ಕಿವಿಗೊಡುವ ಕಸುಬು

ಪಟಾನ್‌ಚೆರುವಿನಲ್ಲಿ ಧೂಳಿಗೆ ಬರವಿಲ್ಲ. ಒಂದು ಕಡೆ ಕೈಗಾರಿಕಾ ವಲಯ, ಇನ್ನೊಂದು ಕಡೆ ಹೈದರಾಬಾದಿನಿಂದ ಜಹೀರಾಬಾದಿನತ್ತ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ; ಬೀದರಿನ ನಮ್ಮ ಜನ ಓಡಾಡುವ ದಾರಿಯೂ ಅದೇ. ಇಂಥ ಊರಲ್ಲಿ ಏಳೆಂಟು ವರ್ಷ ದುಡಿದ ಲ್ಯಾಪ್‌ಟಾಪ್ ಕಾದು ಕಾದು ತಾನೇ ಆಫ್ ಆದರೆ, ಅದರ ಕಾರಣ ಹುಡುಕುವ ರಿಪೇರಿಯವರ ಕಸುಬು ನನಗೆ ಬಲು ಇಷ್ಟ.

ಒಳ್ಳೆಯ ಕಸುಬುದಾರ ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಕಿವಿಗೊಡುತ್ತಾನೆ. ಗರಗರ ಎಂದರೆ ಬೇರಿಂಗ್ ಸವೆದಿರಬೇಕು. ಫ್ಯಾನ್ ಜೋರಾಗಿ ಸುಯ್ಯೆನ್ನುತ್ತಿದ್ದರೂ ಗಾಳಿಕಿಂಡಿಗೆ ಹಿಡಿದ ಅಂಗೈಗೆ ಗಾಳಿ ತಾಕದಿದ್ದರೆ ಹೀಟ್‌ಸಿಂಕಿನ ಸಂದುಗಳಲ್ಲಿ ಧೂಳು ಕಟ್ಟಿದೆ. ತಳ ಬಿಚ್ಚಿದಾಗ ಆ ಧೂಳು ಕಂಬಳಿಯ ತುಂಡಿನಂತೆ ಇಡಿಯಾಗಿ ಎದ್ದು ಬರುತ್ತದೆ. ಸದ್ದೇ ಇಲ್ಲವೆ? ಬ್ಯಾಟರಿ ಕಳಚಿ, ಬೆರಳ ತುದಿಯಿಂದ ಫ್ಯಾನ್ ತಿರುಗಿಸಿ ನೋಡುತ್ತಾನೆ. ಹಗುರಾಗಿ ಸುತ್ತಿದರೆ ತೊಂದರೆ ವೈರಿನಲ್ಲೋ ಮದರ್‌ಬೋರ್ಡಿನಲ್ಲೋ ಇರಬಹುದು. ಬಿಗಿಹಿಡಿದರೆ ಫ್ಯಾನೇ ಹೋಗಿದೆ. ಇವೆಲ್ಲ ಸರಿಯಿದ್ದೂ ಬಿಸಿ ಇಳಿಯದಿದ್ದರೆ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿದೆಯೇ ಎಂದು ನೋಡಬೇಕು. 100 ಡಿಗ್ರಿ ಸೆಲ್ಸಿಯಸ್ ಹತ್ತಿರವಾಗುತ್ತಿದ್ದಂತೆ ಬಹುತೇಕ ಪ್ರೊಸೆಸರ್‌ಗಳು ತಮ್ಮ ವೇಗ ತಾವೇ ತಗ್ಗಿಸಿಕೊಳ್ಳುತ್ತವೆ; ‘ಸಿಸ್ಟಮ್ ಸ್ಲೋ ಆಗಿದೆ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಬಿಸಿಯೇ.

ನಾನು ಎಲ್ಲಕ್ಕಿಂತ ಮೆಚ್ಚುವುದು ಒಂದು ಸಣ್ಣ ಎಚ್ಚರ: ಬ್ಲೋವರ್ ಹಿಡಿಯುವಾಗ ಫ್ಯಾನ್ ಸುತ್ತದಂತೆ ಬೆರಳಿನಿಂದ ತಡೆದಿರುವುದು. ಬಿಟ್ಟರೆ ಅದು ಅಳತೆಮೀರಿ ತಿರುಗಿ, ಚೆನ್ನಾಗಿದ್ದ ಬೇರಿಂಗೂ ಕೆಡಬಹುದು.