ದೂರವಾಣಿಯ ರಂಗಭೂಮಿ: ‘ಕಾಲ್ ಕಟಾ’ ಕುರಿತ ವಿಮರ್ಶೆ

ಪ್ರೇಕ್ಷಕನನ್ನು ಆಸನದಿಂದ ಎಬ್ಬಿಸಿ, ಕಿವಿಗೆ ಮೊಬೈಲ್ ಹಚ್ಚಿ ಬೀದಿಗೆ ಕಳುಹಿಸುವ ಕಲಾಪ್ರಯೋಗಗಳ ಚರ್ಚೆ ಸಾಮಾನ್ಯವಾಗಿ ತಂತ್ರಜ್ಞಾನದ ವಿವರಣೆಯಲ್ಲೇ ಮುಗಿದುಹೋಗುತ್ತದೆ. ಇವುಗಳ ಮೌಲ್ಯನಿರ್ಣಯಕ್ಕೆ ಕೇಳಬೇಕಾದ ಪ್ರಶ್ನೆ ಬೇರೆ. ಕಿವಿಯಲ್ಲಿ ಕೇಳುವ ದನಿ ಯಾರದು? ನಾವಾಡಿದ್ದು ಆ ದನಿಗೆ ಕೇಳಿಸುತ್ತದೆಯೆ?

ಬ್ರಿಟನ್ನಿನ ಬ್ಲಾಸ್ಟ್ ಥಿಯರಿ ತಂಡದ ‘ಎ ಮೆಷಿನ್ ಟು ಸೀ ವಿತ್’ (2010) ಕೃತಿಯಲ್ಲಿ ಭಾಗವಹಿಸಿದವನು ಬ್ಯಾಂಕ್ ದರೋಡೆಯ ಚಲನಚಿತ್ರವೊಂದರ ನಾಯಕ. ಅವನ ಮೊಬೈಲಿಗೆ ಬರುವ ಕರೆಗಳು ಯಂತ್ರದವು, ದನಿ ಮುದ್ರಿತವಾದದ್ದು. ಅವನು ಹಿಂಜರಿದರೆ ಆ ದನಿಗೆ ತಿಳಿಯದು. ವಿಧೇಯತೆಯನ್ನೇ ವಸ್ತುವಾಗಿಸಿಕೊಂಡ ಕೃತಿಗೆ ಈ ಕಿವುಡುತನ ಒಪ್ಪುತ್ತದೆ, ನಿಜ.

ಇದಕ್ಕಿಂತ ಐದು ವರ್ಷ ಮೊದಲು, 2005ರಲ್ಲಿ, ರಿಮಿನಿ ಪ್ರೊಟೊಕೋಲ್ ತಂಡದ ಹೆಲ್ಗಾರ್ಡ್ ಹಾಗ್, ಸ್ಟೆಫಾನ್ ಕೇಗಿ ಮತ್ತು ಡೇನಿಯಲ್ ವೆಟ್ಜೆಲ್ ರೂಪಿಸಿದ ‘ಕಾಲ್ ಕಟಾ’ ಹೆಚ್ಚು ಅಪಾಯದ ದಾರಿಯನ್ನು ಹಿಡಿದಿತ್ತು. ಬರ್ಲಿನ್ನಿನ ಬೀದಿಯಲ್ಲಿ ಒಬ್ಬೊಬ್ಬರಾಗಿ ನಡೆಯುವವರಿಗೆ ಕೋಲ್ಕತ್ತದ ಕಾಲ್ ಸೆಂಟರಿನ ನೌಕರರು ದೂರವಾಣಿಯಲ್ಲಿ ದಾರಿ ಹೇಳುತ್ತಿದ್ದರು. ಶೀರ್ಷಿಕೆಯು ಕರೆಯನ್ನೂ ಆ ನಗರದ ಹಳೆಯ ಹೆಸರನ್ನೂ ಬೆಸೆಯುತ್ತದೆ. (ಕನ್ನಡದ ಕಿವಿಗೆ ಅದರಲ್ಲಿ ನಡೆಯುವ ಕಾಲೂ ಕೇಳಿಸುವುದು ಆಕಸ್ಮಿಕ, ಆದರೂ ಕೃತಿಗೆ ಒಪ್ಪುವ ಶ್ಲೇಷೆ.) ಈ ನಡಿಗೆಯ ಕಥನದಲ್ಲಿ ಸುಭಾಷಚಂದ್ರ ಬೋಸರು ಬರುತ್ತಾರೆ. 1941ರಿಂದ 1943ರ ಆರಂಭದವರೆಗೆ ಬರ್ಲಿನ್ನಿನಲ್ಲಿದ್ದು ಅವರು ನಾಜಿ ಆಡಳಿತದ ನೆರವನ್ನು ಬಯಸಿದ್ದರೆಂಬುದು ಉಭಯ ದೇಶಗಳಿಗೂ ಮುಜುಗರದ ಇತಿಹಾಸ. ಅದನ್ನು ಬಂಗಾಳದ ದನಿಯೊಂದು ಜರ್ಮನ್ ನಡಿಗೆಗಾರನಿಗೆ ಅವನದೇ ಊರಿನಲ್ಲಿ ನೆನಪಿಸುವುದರಲ್ಲಿ ಕೃತಿಯ ನಿಜವಾದ ನಾಟಕೀಯತೆಯಿದೆ. ವಸಾಹತು ಕಾಲದ ಪ್ರವಾಸಿ ಪೂರ್ವದೇಶಗಳನ್ನು ನೋಡಿ ವರ್ಣಿಸಿದ; ಇಲ್ಲಿ ವರ್ಣಿಸುವ ಅಧಿಕಾರ ದಿಕ್ಕು ಬದಲಿಸಿದೆ.

ಹಾಗೆಂದು ಇದನ್ನು ಸಮಾನರ ಸಂವಾದವೆಂದು ಕೊಂಡಾಡುವುದು ಅವಸರದ ತೀರ್ಮಾನವಾದೀತು. ನಡೆಯುವವನು ಬಯಸಿದಾಗ ನಿಲ್ಲಬಹುದು, ಕರೆಯನ್ನು ಕಡಿಯಲೂಬಹುದು. ಇತ್ತ ನೌಕರನದು ಕುರ್ಚಿ, ಸಿದ್ಧ ಸಂಭಾಷಣೆ, ಒಂದು ನಕಾಶೆ. ಅಪರಿಚಿತನ ತಾಳ್ಮೆಯನ್ನು ಕಾಯ್ದುಕೊಳ್ಳುವ ಅವನ ನಿತ್ಯದ ಕೌಶಲವನ್ನೇ ಕೃತಿ ಅಭಿನಯವಾಗಿ ಬಳಸಿಕೊಳ್ಳುತ್ತದೆ. ಅವನನ್ನು ಕಲಾವಿದನೆನ್ನಬೇಕೆ, ನೌಕರನೆನ್ನಬೇಕೆ? ನಿರ್ದೇಶಕರು ಈ ಪ್ರಶ್ನೆಯನ್ನು ಬಲ್ಲವರು; ಆದರೆ ಅದನ್ನು ನಡೆಯುವವನ ಆತ್ಮಸಾಕ್ಷಿಗೆ ಒಪ್ಪಿಸಿ ಸರಿದುನಿಲ್ಲುತ್ತಾರೆ ಎಂಬುದು ನನ್ನ ಆಕ್ಷೇಪ.

ಆದರೂ ಮುದ್ರಿತ ದನಿಗೆ ಇಲ್ಲದ ಒಂದು ಸಾಧ್ಯತೆ ಈ ಕೃತಿಗಿತ್ತು. ನಡೆಯುವವನು ತಿರುಗಿ ಪ್ರಶ್ನೆ ಕೇಳಿದಾಗ ಸಿದ್ಧ ಪಠ್ಯ ಸಾಲುತ್ತಿರಲಿಲ್ಲ. ಸಂಗ್ರಾಹಕರು ನಕಾಶೆಯನ್ನೂ ಸಂಭಾಷಣೆಯ ಪ್ರತಿಯನ್ನೂ ಕಾಪಿಡಬಲ್ಲರು. ಕೃತಿಯ ಬಹುಪಾಲು ನಡೆದದ್ದು ಆ ಪ್ರತಿಯಿಂದ ಆಚೆಗೆ, ಇಬ್ಬರ ಕಿವಿಗಳಲ್ಲಿ.