ಕಟಕಟೆಗೂ ಕರಿಕೋಟಿಗೂ ನಡುವಿನ ಜಾಗ

ರಾಮಗಿರಿ ಕಡೆಯಿಂದ ಹೊಳಲ್ಕೆರೆ ಕೋರ್ಟಿಗೆ ಹೋಗುವ ರೈತನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಒಳಗೆ ಪಹಣಿ, ಪೋಡಿ ನಕ್ಷೆ, ಮಡಿಕೆಯಲ್ಲೇ ಹರಿದ ಅಪ್ಪನ ಕಾಲದ ಕ್ರಯಪತ್ರ. ವಕೀಲರ ಮುಂದೆ ಕುಳಿತಾಗ ಅವನು ಮೊದಲು ಸಹಿ ಹಾಕುವುದು, ಇಲ್ಲವೇ ಹೆಬ್ಬೆಟ್ಟು ಒತ್ತುವುದು, ವಕಾಲತ್ತಿಗೆ. ಅದೇ ಹಾಳೆಯಲ್ಲಿ, ಒಪ್ಪಿಕೊಂಡಿದ್ದೇನೆ ಎಂದು ವಕೀಲರೂ ಸಹಿ ಮಾಡುತ್ತಾರೆ. ಎರಡು ಸಹಿಗಳ ನಡುವೆ ಎರಡು ಬೆರಳಗಲ ಜಾಗ ಉಳಿಯುತ್ತದೆ. ನಿನ್ನ ಪರವಾಗಿ ಮಾತಾಡುತ್ತೇನೆ, ಆದರೆ ನಾನು ನೀನಲ್ಲ ಎಂಬ ಕರಾರು ಇರುವುದು ಆ ಜಾಗದಲ್ಲಿ. ಜರ್ಮನಿಯ ಹಾರ್ಸ್ಟ್ ಮಾಹ್ಲರ್ ಎಂಬ ವಕೀಲನ ಬದುಕನ್ನು ನಾನು ಅಳೆಯುವುದು ಈ ಎರಡು ಬೆರಳಿನಿಂದಲೇ.

ಮಾಹ್ಲರ್ ಹುಟ್ಟಿದ್ದು 1936ರಲ್ಲಿ. ತಂದೆ ಹಲ್ಲಿನ ವೈದ್ಯ, ಕಟ್ಟಾ ನಾಜಿ. ಅರವತ್ತರ ದಶಕದಲ್ಲಿ ಮಗ ಬರ್ಲಿನ್ನಿನಲ್ಲಿ ಎಡಪಂಥೀಯ ವಿದ್ಯಾರ್ಥಿಗಳ ವಕೀಲನಾಗಿ ಹೆಸರು ಮಾಡಿದ. ನಾಜಿ ಪಕ್ಷದಲ್ಲಿದ್ದು ಮುಂದೆ ಚಾನ್ಸಲರ್ ಆದ ಕೀಸಿಂಗರ್ ಕೆನ್ನೆಗೆ 1968ರಲ್ಲಿ ಬಾರಿಸಿದ ಬಿಯಾಟೆ ಕ್ಲಾರ್ಸ್‌ಫೆಲ್ಡ್ ಪರ ವಾದಿಸಿದವನು ಇವನೇ. ಅಷ್ಟರವರೆಗೆ ಅವನು ಒಳ್ಳೆಯ ವಕೀಲ. 1970ರ ಹೊತ್ತಿಗೆ ಕಕ್ಷಿದಾರರ ಜೊತೆ ಸೇರಿ ತಾನೇ ರೆಡ್ ಆರ್ಮಿ ಫ್ಯಾಕ್ಷನ್ ಎಂಬ ಸಶಸ್ತ್ರ ಎಡ ಗುಂಪು ಕಟ್ಟಿದ, ಜೋರ್ಡಾನಿಗೆ ಹೋಗಿ ಬಂದೂಕು ಕಲಿತ, ಅದೇ ವರ್ಷದ ಅಕ್ಟೋಬರಿನಲ್ಲಿ ಸಿಕ್ಕಿಬಿದ್ದ.

ಎಪ್ಪತ್ತರ ದಶಕದ ಶುರುವಿನ ಒಂದು ಕೋರ್ಟು ಫೋಟೋದಲ್ಲಿ ಮೂವರು ವಕೀಲರಿದ್ದಾರೆ. ಮಾಹ್ಲರ್ ಆರೋಪಿ, ಓಟ್ಟೊ ಶಿಲಿ, ಹಾನ್ಸ್ ಕ್ರಿಸ್ಟಿಯಾನ್ ಸ್ಟ್ರೋಬೆಲೆ ಅವನ ಪರ ವಕೀಲರು. ಬಿರ್ಗಿಟ್ ಶುಲ್ಜ್ 2009ರಲ್ಲಿ ಈ ಮೂವರ ಮೇಲೆಯೇ ಒಂದು ಸಾಕ್ಷ್ಯಚಿತ್ರ ಮಾಡಿದರು. ಸ್ಟ್ರೋಬೆಲೆ ಗ್ರೀನ್ ಪಕ್ಷದ ಸಂಸದರಾದರು, ಶಿಲಿ ದೇಶದ ಗೃಹಮಂತ್ರಿಯಾದರು. ಮಾಹ್ಲರ್ ಸುಮಾರು ಹತ್ತು ವರ್ಷ ಜೈಲಿನಲ್ಲಿದ್ದು 1980ರಲ್ಲಿ ಹೊರಬಂದ. ಆಗ ಅವನ ಪರ ಓಡಾಡಿದ ವಕೀಲ ಗೆರ್ಹಾರ್ಡ್ ಶ್ರೋಡರ್, ಮುಂದೆ ಚಾನ್ಸಲರ್ ಆದವರು. ಅವರ ನೆರವಿನಿಂದಲೇ ಕಳೆದುಕೊಂಡ ಸನ್ನದೂ ಮರಳಿ ಬಂತು. ವೃತ್ತಿಬಾಂಧವರು ಒಬ್ಬ ಮನುಷ್ಯನಿಗೆ ಇದಕ್ಕಿಂತ ಹೆಚ್ಚೇನು ಮಾಡಲಾದೀತು?

ಮರಳಿ ಸಿಕ್ಕ ಸನ್ನದನ್ನು ಅವನು ತೀವ್ರ ಬಲಪಂಥದ ಎನ್‌ಪಿಡಿ ಪಕ್ಷದ ಕಾಲಬುಡದಲ್ಲಿಟ್ಟ. 2000ದಲ್ಲಿ ಸದಸ್ಯನೂ ಆದ. ಆ ಪಕ್ಷವನ್ನು ನಿಷೇಧಿಸಬೇಕೆಂದು ಸರ್ಕಾರ 2001ರಲ್ಲಿ ಸಂವಿಧಾನ ನ್ಯಾಯಾಲಯಕ್ಕೆ ಹೋದಾಗ ಗೃಹಮಂತ್ರಿ ಶಿಲಿ. ಪಕ್ಷದ ವಕೀಲ ಮಾಹ್ಲರ್. ಪಕ್ಷದ ನಾಯಕತ್ವದಲ್ಲೇ ಸರ್ಕಾರದ ಗುಪ್ತ ಮಾಹಿತಿದಾರರು ತುಂಬಿಕೊಂಡಿದ್ದು ಬಯಲಾಗಿ 2003ರ ಮಾರ್ಚಿನಲ್ಲಿ ವಿಚಾರಣೆ ನಿಂತುಹೋಯಿತು. ಎನ್‌ಪಿಡಿ ಪರ ವಾದಿಸಿದ್ದೇ ಅಪರಾಧ ಎನ್ನುವವರ ಜೊತೆ ನಾನಿಲ್ಲ. ಎಂಥ ಪಕ್ಷಕ್ಕೂ ವಕೀಲ ಬೇಕು. ವಕೀಲನಿಲ್ಲದೆ ಹಾಕಿದ ನಿಷೇಧಕ್ಕೆ ಕಾನೂನಿನ ಬಲವಿರುವುದಿಲ್ಲ.

ಅವನು ಹಾಳಾದದ್ದು ಅದರಾಚೆ. ಯಹೂದಿಗಳ ನರಮೇಧ ನಡೆದೇ ಇಲ್ಲ ಎಂಬ ಸುಳ್ಳನ್ನು ಅವನು ಕೋರ್ಟಿನೊಳಗೇ ನಿಂತು ಸಾರತೊಡಗಿದ. ತನ್ನ ಮೇಲಿನ ಪ್ರತಿ ವಿಚಾರಣೆಯನ್ನೂ ಭಾಷಣದ ಕಟ್ಟೆ ಮಾಡಿಕೊಂಡ. ಅವನ ಒಡನಾಡಿ, ವಕೀಲೆ ಸಿಲ್ವಿಯಾ ಸ್ಟೋಲ್ಜ್ ಇನ್ನೊಂದು ಹೆಜ್ಜೆ ಮುಂದೆ ಹೋದಳು. ಮಾನ್‌ಹೈಮ್ ಕೋರ್ಟಿನಲ್ಲಿ ಅದೇ ಸುಳ್ಳು ಸಾರಿದ ಎರ್ನ್‌ಸ್ಟ್ ಝುಂಡೆಲ್ ಪರ ವಾದಿಸುತ್ತ, ತಾನು ಸಲ್ಲಿಸಿದ ಕಾಗದದ ಕೊನೆಗೆ ‘ಹೈಲ್ ಹಿಟ್ಲರ್’ ಎಂದು ಬರೆದು ಸಹಿ ಮಾಡಿದಳು. ಅವಳನ್ನು ಎತ್ತಿಕೊಂಡೇ ಹೊರಗೆ ಹಾಕಬೇಕಾಯಿತು. 2008ರಲ್ಲಿ ಮೂರೂವರೆ ವರ್ಷ ಜೈಲು, ಐದು ವರ್ಷ ವಕೀಲಿಕೆ ನಿಷೇಧ. ಮಾಹ್ಲರ್‌ಗೆ 2009ರಲ್ಲಿ ಬಿದ್ದ ಶಿಕ್ಷೆಗಳೆಲ್ಲ ಕೂಡಿ ಹತ್ತು ವರ್ಷ ಮೀರಿದವು, ಸನ್ನದೂ ಹೋಯಿತು. 2017ರಲ್ಲಿ ಹಂಗೇರಿಗೆ ಓಡಿ ಆಶ್ರಯ ಬೇಡಿದ, ಅವರು ಹಿಡಿದು ವಾಪಸು ಕೊಟ್ಟರು. 2025ರ ಜುಲೈನಲ್ಲಿ ಸತ್ತ.

ಎಡದವನು ಬಲಕ್ಕೆ ಹೇಗೆ ಹೊರಳಿದ ಎಂದು ಅಲ್ಲಿಯವರು ಪುಟಗಟ್ಟಲೆ ಬರೆದಿದ್ದಾರೆ. ನನಗೆ ಕಾಣುವುದು ಎರಡು ಕಡೆಯೂ ಇದ್ದ ಒಂದೇ ಚಾಳಿ. ಇನ್ನೊಬ್ಬರ ದನಿಯಾಗಿ ಮಾತ್ರ ಇರುವುದು ಅವನಿಂದ ಆಗಲಿಲ್ಲ. ಶಿಲಿ ಎಪ್ಪತ್ತರ ದಶಕದಲ್ಲಿ ರೆಡ್ ಆರ್ಮಿ ಫ್ಯಾಕ್ಷನ್ನಿನ ಗುಡ್ರುನ್ ಎನ್ಸ್‌ಲಿನ್ ಪರ ಸ್ಟಾಮ್‌ಹೈಮ್ ವಿಚಾರಣೆಯಲ್ಲಿ ನ್ಯಾಯಾಧೀಶರ ಜೊತೆ ಹಲ್ಲುಕಚ್ಚಿ ಗುದ್ದಾಡಿದವರು. ಬಂದೂಕು ಮುಟ್ಟಲಿಲ್ಲ. ಕಕ್ಷಿದಾರಳ ಮೇಲಿನ ನಿಷ್ಠೆಯಲ್ಲಿ ಅವರು ಮಾಹ್ಲರ್‌ಗಿಂತ ಒಂದು ಗುಲಗಂಜಿ ತೂಕವೂ ಕಡಿಮೆಯಿರಲಿಲ್ಲ.

ಹಾಗಂತ ವಕೀಲ ಚಳವಳಿಗೆ ಇಳಿಯಲೇಬಾರದೆಂದು ಚಿತ್ರದುರ್ಗದ ನೆಲದಲ್ಲಿ ಕೂತು ಹೇಳುವ ಹಾಗಿಲ್ಲ. ದುರ್ಗದ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತಿದ್ದ ಎಸ್. ನಿಜಲಿಂಗಪ್ಪ 1939ರ ತುರುವನೂರು ಅರಣ್ಯ ಸತ್ಯಾಗ್ರಹದ ಮುಂದಾಳು. ಹೆಂಡ ಇಳಿಸುವ ಈಚಲು ಮರಗಳನ್ನು ಹಾಡುಹಗಲೇ, ಎಲ್ಲರ ಕಣ್ಣೆದುರು ಕಡಿದರು. ಕಾನೂನು ಮುರಿದದ್ದಕ್ಕೆ ಜೈಲಿಗೂ ಹೋದರು. ಅವರು ಅಲ್ಲಿ ನಿಂತದ್ದು ಸತ್ಯಾಗ್ರಹಿಯಾಗಿ. ಕರಿಕೋಟಿನ ಮರೆಯಲ್ಲಿ ಚಳವಳಿ ನಡೆಸಲಿಲ್ಲ, ಯಾರ ಮೇಲೂ ದ್ವೇಷ ಬಿತ್ತಲಿಲ್ಲ.

ನನ್ನನ್ನು ಇನ್ನೂ ಕಾಡುವುದು ನಮ್ಮ ಹುಬ್ಬಳ್ಳಿ. 2020ರ ಫೆಬ್ರವರಿಯಲ್ಲಿ ಕಾಶ್ಮೀರದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮೇಲೆ ರಾಜದ್ರೋಹದ ಕೇಸು ಬಿತ್ತು. ಅವರ ಪರ ಯಾರೂ ಹಾಜರಾಗಕೂಡದೆಂದು ಅಲ್ಲಿನ ವಕೀಲರ ಸಂಘ ಠರಾವು ಮಾಡಿತು. ಮಾಹ್ಲರ್ ಕಕ್ಷಿದಾರನೊಳಗೆ ಕರಗಿಹೋದ. ಇವರು ಜನರ ಸಿಟ್ಟಿನೊಳಗೆ ಕರಗಿಹೋದರು. ಜರ್ಮನಿಯ ಹುಚ್ಚಿಗೂ ಇದಕ್ಕೂ ಅಜಗಜಾಂತರವಿದೆ, ಒಪ್ಪುತ್ತೇನೆ. ಆದರೆ ಎರಡು ಕಡೆಯೂ ಅಳಿಸಿಹೋದದ್ದು ಅದೇ ಎರಡು ಬೆರಳಿನ ಜಾಗ. ಇಂಥ ಠರಾವುಗಳು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಹೈಕೋರ್ಟ್ ಪೀಠ ಠರಾವನ್ನು ತರಾಟೆಗೆ ತೆಗೆದುಕೊಂಡು, ವಿದ್ಯಾರ್ಥಿಗಳ ಪರ ಬರುವ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಿಸಿತು. ಜಾಮೀನು ಅರ್ಜಿ ಹಿಡಿದು ಬೆಂಗಳೂರಿನಿಂದ ಬಂದ ವಕೀಲರು, ತಮ್ಮಂತೆಯೇ ಕರಿಕೋಟು ತೊಟ್ಟವರ ಕೂಗಾಟದ ನಡುವೆ ಧಾರವಾಡದ ಕೋರ್ಟಿನ ಒಳಗೆ ಹೋದರು.